ಪುಟ್ಟಿ, ಆ ಕ್ಲಿಪ್‌ಗಳನ್ನು ಸದ್ಯಕ್ಕೆ ಮುಟ್ಟಬೇಡ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಎಡಿಟ್ ಮಾಡಿದ ವಿಡಿಯೋ ಪೆನ್‌ಡ್ರೈವ್‌ಗೆ ಹಾಕಿ ಅಣ್ಣನಿಗೆ ಕೊಟ್ಟೆ, ಅವನ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಕೆಂಪು ಗುರುತು, ಎಲ್ಲಾ ಹೋಯ್ತಾ ದೊಡ್ಡಮ್ಮ ಅಂತ ಕೇಳಿದ್ದೀಯ. ಅದರ ಕೆಳಗೇ, ಫೋನ್ ತುಂಬಿದೆ, ಗ್ಯಾಲರಿ ಖಾಲಿ ಮಾಡ್ಲಾ ಅಂತ ಬೇರೆ. ಬೇಡಮ್ಮಾ! ಒಂದೇ ಒಂದು ಕ್ಲಿಪ್ ಅಳಿಸಬೇಡ. ಫೋನ್‌ನಲ್ಲಿರೋದೂ ಬೇಡ, ಲ್ಯಾಪ್‌ಟಾಪ್‌ನಲ್ಲಿರೋದೂ ಬೇಡ.

ನಮ್ಮ ಮಾವನವರ ವಿಡಿಯೋ ಕಥೆ ಈ ಗ್ರೂಪ್‌ನಲ್ಲಿರೋ ನಿಮಗೆಲ್ಲ ಗೊತ್ತಲ್ವಾ. ಆಗ ವಿಡಿಯೋ ಕ್ಯಾಮೆರಾಗೆ ಹಾಕೋ ಪುಟ್ಟ ಮಿನಿ ಡಿವಿ ಕ್ಯಾಸೆಟ್ ಕಾಲ. ಒಂದು ಗಂಟೆ ಕ್ಯಾಸೆಟ್ ಕಂಪ್ಯೂಟರ್‌ಗೆ ಇಳಿಸೋಕೆ ಪೂರ್ತಿ ಒಂದು ಗಂಟೆ ಅದು ಓಡಬೇಕು. ನಡುವೆ ಕ್ಯಾಮೆರಾದಿಂದ ಕಂಪ್ಯೂಟರ್‌ಗೆ ಹಾಕೋ ಫೈರ್‌ವೈರ್ ಕೇಬಲ್ ಅಲ್ಲಾಡಿದರೆ ಮತ್ತೆ ಶುರು. ಇಳಿದ ಮೇಲೆ ಸುಮಾರು 13 ಜಿಬಿ. ಮಾವ ಕನ್ನಡಕ ಒರೆಸುತ್ತಾ ತಮ್ಮ ಶಾಲೆ ದಿನಗಳನ್ನು ಹೇಳ್ತಾರೆ, ಪಕ್ಕದಿಂದ ಅತ್ತೆ "ಹಾಗಲ್ಲ ರೀ ಅದು" ಅಂತ ತಿದ್ದುತ್ತಾರೆ. ನಾನು ಮೂವಿ ಮೇಕರ್ ಅನ್ನೋ ಎಡಿಟಿಂಗ್ ಪ್ರೋಗ್ರಾಂನಲ್ಲಿ ಕೂತು ಕೆಮ್ಮು, ಬಾಗಿಲ ಸದ್ದು ಎಲ್ಲ ಕತ್ತರಿಸಿದೆ. ಅತ್ತೆಯ ಮಾತು ಮಾತ್ರ ಹಾಗೇ ಬಿಟ್ಟೆ.

ಅಷ್ಟರಲ್ಲಿ ಬಂದ ನಮ್ಮ ಭಾವನ ಮಗ. ಹಾರ್ಡ್ ಡಿಸ್ಕ್ ತುಂಬಿದೆ, ಕ್ಲೀನ್ ಮಾಡ್ತೀನಿ ಅಂದ. ದೊಡ್ಡ ದೊಡ್ಡ ಫೈಲ್‌ಗಳನ್ನೆಲ್ಲ, ರೀಸೈಕಲ್ ಬಿನ್‌ಗೂ ಹೋಗದ ಹಾಗೆ, ಶಿಫ್ಟ್ ಡಿಲೀಟ್ ಒತ್ತಿ ತೆಗೆದೇಬಿಟ್ಟ. ಎಂಎಸ್‌ಡಬ್ಲ್ಯೂಎಂಎಂ ಅಂತ ಬಾಲ ಇರೋ ಪುಟಾಣಿ ಫೈಲ್ ತೋರಿಸಿ, "ನಿಮ್ಮ ವಿಡಿಯೋ ಇಲ್ಲೇ ಇದೆಯಲ್ಲ ಚಿಕ್ಕಮ್ಮ" ಅಂದ. ತೆರೆದು ನೋಡಿದರೆ ನಾನು ಬರೆದ ಹೆಸರು ಮಾತ್ರ ಕಪ್ಪು ಪರದೆ ಮೇಲೆ ಬಂತು. ಅದರ ಮುಂದೆ ಸಾಲಾಗಿ ಕೆಂಪು ಇಂಟು ಗುರುತು. ಆ ಪುಟಾಣಿ ಫೈಲೇ ಪ್ರಾಜೆಕ್ಟ್ ಫೈಲ್, ಅದು ಸಾಮಾನಿನ ಚೀಟಿ ಇದ್ದ ಹಾಗೆ. ಯಾವ ಕ್ಲಿಪ್ ಎಲ್ಲಿದೆ, ಎಲ್ಲಿಂದ ಎಲ್ಲಿವರೆಗೆ ಬೇಕು ಅಂತಷ್ಟೇ ಅದರಲ್ಲಿ ಇರುತ್ತೆ. ಇಂಪೋರ್ಟ್ ಮಾಡಿದೆ ಅಂದ ಮಾತ್ರಕ್ಕೆ ಕ್ಲಿಪ್ ಅದರೊಳಗೆ ಹೋಗಿ ಕೂರಲ್ಲ. ಅದಕ್ಕೇ ಹೇಳೋದು, ಮೂಲ ಕ್ಲಿಪ್ ಅಳಿಸಬೇಡ. ಫೋಲ್ಡರ್ ಹೆಸರು ಕೂಡ ಬದಲಾಯಿಸಬೇಡ.

ಕ್ಯಾಸೆಟ್ ಇದ್ದಿದ್ದರೆ ಮತ್ತೆ ಇಳಿಸಬಹುದಿತ್ತು. ಅದನ್ನು "ನೋಡಿ ಕೊಡ್ತೀನಿ" ಅಂತ ತಗೊಂಡು ಹೋದವರು ಈ ಗ್ರೂಪ್‌ನಲ್ಲೇ ಇದ್ದಾರೆ. ಹೆಸರು ಹೇಳಲ್ಲ. ನೀಲಿ ಟಿಕ್ ಬರುತ್ತೆ, ಉತ್ತರ ಬರಲ್ಲ. ಕ್ಯಾಸೆಟ್ ಅಷ್ಟೇ ಅಲ್ಲ, ಕೊಟ್ಟ ಪೆನ್‌ಡ್ರೈವ್‌ಗಳೂ ಅಷ್ಟೇ. ಎಲ್ಲರಿಗೂ ಕಾಪಿ ಬೇಕು, ವಾಪಸ್ ಕೊಡೋದು ಯಾರಿಗೂ ನೆನಪಿರಲ್ಲ. ಕಷ್ಟಪಟ್ಟು ಏನಾದರೂ ಮಾಡಿ ಇಲ್ಲಿ ಹಾಕಿದರೆ ಒಂದು ಹೆಬ್ಬೆರಳು ಒತ್ತಿ ಮುಂದೆ ಹೋಗ್ತೀರಿ. ಪೂರ್ತಿ ನೋಡಿದವರು ಯಾರು ಹೇಳಿ ನೋಡೋಣ?

ಅಯ್ಯೋ, ಪುಟ್ಟಿ ಕೇಳಿದ್ದು ಹಾಗೇ ಉಳಿಯಿತು. ಏನೂ ಹೋಗಿಲ್ಲಮ್ಮ. ನೀನು ಅಣ್ಣನಿಗೆ ಕೊಟ್ಟಿರೋದು ಬರೀ ಪ್ರಾಜೆಕ್ಟ್ ಫೈಲ್. ಕ್ಲಿಪ್‌ಗಳು ನಿನ್ನ ಲ್ಯಾಪ್‌ಟಾಪ್‌ನಲ್ಲೇ ಇವೆ. ಅಲ್ಲೇ ತೆರೆದು, ಎಕ್ಸ್‌ಪೋರ್ಟ್ ಅಂತಲೋ ಸೇವ್ ಮೂವಿ ಅಂತಲೋ ಇರುತ್ತೆ, ಅದನ್ನು ಒತ್ತಿ ಎಂಪಿ4 ಮಾಡು. ಬರೀ ಸೇವ್ ಒತ್ತಿದರೆ ಮತ್ತೆ ಪ್ರಾಜೆಕ್ಟೇ ಉಳಿಯೋದು. ಆ ಎಂಪಿ4 ಯಾರ ಕಂಪ್ಯೂಟರ್‌ನಲ್ಲಾದರೂ ಓಡುತ್ತೆ. ಅಣ್ಣನೂ ಎಡಿಟ್ ಮಾಡಬೇಕು ಅಂದರೆ ಪ್ರಾಜೆಕ್ಟ್, ಕ್ಲಿಪ್, ಹಾಡು ಎಲ್ಲ ಒಂದೇ ಫೋಲ್ಡರ್‌ನಲ್ಲಿಟ್ಟು ಫೋಲ್ಡರನ್ನೇ ಕೊಡು. ಆಮೇಲೂ ಕೆಂಪು ಗುರುತು ಬಂದರೆ ಅದರ ಮೇಲೆ ಕ್ಲಿಕ್ ಮಾಡಿ ಫೈಲ್ ಎಲ್ಲಿದೆ ಅಂತ ತೋರಿಸಲಿ.

ವಾಟ್ಸಾಪ್‌ನಲ್ಲಿ ಕಳಿಸೋದಾದರೆ ವಿಡಿಯೋ ಅಂತ ಕಳಿಸಬೇಡ, ಹಿಂಡಿ ಮಸುಕು ಮಾಡಿಬಿಡುತ್ತೆ. ಡಾಕ್ಯುಮೆಂಟ್ ಅಂತ ಹಾಕು, 2 ಜಿಬಿವರೆಗೆ ಹೋಗುತ್ತೆ. ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿ ಮೀರಿದ ಫೈಲ್ ಹಿಡಿಯಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬೇಕು. ಹಾಗೆ ಮಾಡಿದರೆ ಒಳಗಿರೋದೆಲ್ಲ ಅಳಿಸಿ ಹೋಗುತ್ತೆ, ಅದಕ್ಕೇ ಮುಂಚೆ ಎಲ್ಲ ಬೇರೆ ಕಡೆ ತೆಗೆದಿಟ್ಟುಕೋ.