ಸಹಾಯ ಬೇಕು: ಏರು ರಸ್ತೆಗೆ ಯಾವ ಕ್ಯಾಮ್‌ಶಾಫ್ಟ್?

ಎಲ್ಲರಿಗೂ ನಮಸ್ಕಾರ. ನನ್ನದು 350 ಸಿಸಿ ಬೈಕ್. ಒಂದೇ ಸಿಲಿಂಡರ್, ಏರ್ ಕೂಲ್ಡ್, ಕಾರ್ಬ್ಯುರೇಟರ್ ಇದೆ. ಹಿಂದೆ ಒಬ್ಬರು ಕೂತರೆ ಏರಿನಲ್ಲಿ ಏದುಸಿರು ಬಿಡುತ್ತದೆ. ಪಿಸ್ಟನ್ ರಿಂಗ್ ಸವೆದಿರುವುದರಿಂದ ಇಂಜಿನ್ ಹೇಗೂ ಬಿಚ್ಚಬೇಕು. ಆಗಲೇ ಪವರ್ ಸ್ವಲ್ಪ ಜಾಸ್ತಿ ಮಾಡಿಕೊಳ್ಳುವ ಆಸೆ.

ಎರಡು ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ದಂಡ) ನೋಡಿಟ್ಟಿದ್ದೇನೆ. ಒಂದರಲ್ಲಿ ಲಿಫ್ಟ್ (ವಾಲ್ವ್ ಎಷ್ಟು ತೆರೆಯುತ್ತದೆ ಅನ್ನುವುದು) ಮಾತ್ರ ತುಸು ಜಾಸ್ತಿ, ಡ್ಯೂರೇಶನ್ (ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದು) ಹೆಚ್ಚುಕಮ್ಮಿ ಹಳೆಯದರಷ್ಟೇ. ಇನ್ನೊಂದರಲ್ಲಿ ಎರಡೂ ಜಾಸ್ತಿ, ಓವರ್‌ಲ್ಯಾಪ್ (ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು) ಕೂಡ. ವಾಲ್ವ್ ಹೆಚ್ಚು ಹೊತ್ತು ತೆರೆದಿದ್ದರೆ ಮೇಲಿನ ಆರ್‌ಪಿಎಂನಲ್ಲಿ ಲಾಭ. ಆದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ, ನಿಧಾನಕ್ಕೆ ಹೋಗುವಾಗ ಒಳಗೆ ಬಂದ ಗಾಳಿ ಸ್ವಲ್ಪ ವಾಪಸ್ ಹೋಗುತ್ತದೆ, ಎಳೆತ ಕಡಿಮೆಯಾಗುತ್ತದೆ ಅಲ್ವಾ? ನಾನು 5000 ಆರ್‌ಪಿಎಂ ದಾಟುವುದೇ ಅಪರೂಪ. ನನಗೆ ಟಾರ್ಕ್ ಬೇಕಿರುವುದು 2500ರಿಂದ 4500ರ ನಡುವೆ. ಹಾಗಾಗಿ ಮೊದಲನೆಯದರ ಕಡೆಗೇ ಮನಸ್ಸು ವಾಲುತ್ತಿದೆ.

ಈಗಿನ ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) 8.5:1. ಹೊಸ ಪಿಸ್ಟನ್ ಹಾಕಿ 9.5:1 ಮಾಡಿದರೆ ಬಿಸಿಲಲ್ಲಿ, ಏರಿನಲ್ಲಿ ನಾಕಿಂಗ್ (ಮಿಶ್ರಣ ತಾನಾಗಿಯೇ ಹೊತ್ತಿ ಇಂಜಿನ್ ಟಕಟಕ ಅನ್ನುವುದು) ಬರುತ್ತದಾ? ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಸರಿಸಬೇಕಾ, ಅಂದರೆ ಕಿಡಿ ತುಸು ತಡವಾಗಿ ಹಾರುವಂತೆ ಮಾಡಬೇಕಾ? ಜೆಟ್ಟಿಂಗ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹರಿಯುವ ಅಳತೆ) ಹೊಸದಾಗಿ ಹೊಂದಿಸಬೇಕು ಅನ್ನುವುದು ಗೊತ್ತು.

ನನಗೆ ನಿಜವಾಗಿ ಭಯ ಇರುವುದು ವಾಲ್ವ್ ಪಿಸ್ಟನ್‌ಗೆ ತಾಗಿಬಿಟ್ಟರೆ ಅಂತ. ಪಿಸ್ಟನ್ ತಲೆಯ ಮೇಲೆ ಮೆತ್ತನೆಯ ಕ್ಲೇ ಇಟ್ಟು, ಕ್ರ್ಯಾಂಕನ್ನು ಕೈಯಲ್ಲೇ 2 ಸುತ್ತು ತಿರುಗಿಸಿ, ಒತ್ತಿದ ಕ್ಲೇ ದಪ್ಪ ನೋಡಿ ಅಂತರ ಅಳೆಯುತ್ತೇನೆ. ಆದರೆ ಪೂರ್ತಿ ಲಿಫ್ಟ್‌ನಲ್ಲಿ ಹಳೆಯ ವಾಲ್ವ್ ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವಾ ಅಂತ ಹೇಗೆ ನೋಡುವುದು? ಈ ಕೆಲಸ ಕೈಯಾರೆ ಮಾಡಿದವರು ದಯವಿಟ್ಟು ಹೇಳಿ. ಮುಂದಿನ ವಾರ ಹೆಡ್ ಬಿಚ್ಚುತ್ತಿದ್ದೇನೆ.