ಪದಚರ್ಚೆ: ಬಹಳ ಹೊತ್ತು ಮಲಗುವ ಪ್ರಾಣಿಗಳಿಗೆ ಕನ್ನಡ ತಲೆಬರಹ (ತುರ್ತು)

ವಿ. ಕೆ., ಕೋಥ್ರೂಡ, ಪುಣೆ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಮಕ್ಕಳ ಪ್ರದರ್ಶನಕ್ಕಾಗಿ ಮರಾಠಿ ಫಲಕವೊಂದನ್ನು ಕನ್ನಡಕ್ಕೆ ತರಬೇಕಿದೆ. ಮೂಲದ ತಲೆಬರಹ ‘ದಿವಸಾಚಾ ಬಹುತೇಕ್ ವೇಳ್ ಝೋಪಣಾರೇ ಪ್ರಾಣಿ’, ಅಂದರೆ ದಿವಸದ ಬಹುಪಾಲು ಹೊತ್ತು ಮಲಗುವ ಪ್ರಾಣಿಗಳು. ಚಿತ್ರದಲ್ಲಿರುವವು ಕೊವಾಲಾ, ಸಿಂಹ, ಬಾವಲಿ, ಸೋಮಾರಿ ಕರಡಿ, ಚಿಪ್ಪುಬೆಕ್ಕು, ಸ್ಲಾತ್ (ಮರಕ್ಕೆ ಜೋತುಬಿದ್ದು ನಿಧಾನವಾಗಿ ಚಲಿಸುವ ಅಮೆರಿಕದ ಪ್ರಾಣಿ). ಮೂರಡಿ ಅಗಲದ ಫ್ಲೆಕ್ಸ್, ತಲೆಬರಹ ಒಂದೇ ಸಾಲು, ಹದಿನೈದು ಅಕ್ಷರ ಮೀರುವಂತಿಲ್ಲ. ‘ನಿಶಾಚರಿಗಳು’ ಎಂದರೆ ಸಾಕೇ? ಗುರುವಾರ ಬೆಳಿಗ್ಗೆ ಮುದ್ರಣಕ್ಕೆ ಹೋಗುತ್ತದೆ.

ಶ್ರೀ. ಜೋ., ಮಾಟುಂಗಾ:
‘ನಿಶಾಚರಿ’ ಖಂಡಿತ ಬೇಡ. ಅದು ಸ್ತ್ರೀಲಿಂಗ, ಶೂರ್ಪನಖಿಗೆ ಸಲ್ಲುವ ಮಾತು. ಬರೆಯುವುದಾದರೆ ‘ನಿಶಾಚರಗಳು’. ‘ಹಗಲುನಿದ್ರೆ’ಯವು ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ, ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ದೋಷ.

ಬ. ಪಾ., ಠಾಣೆ:
ಜೋಶಿಯವರೇ, ‘ನಿದ್ದೆ’ ತದ್ಭವ, ಸಂಸ್ಕೃತದ ‘ನಿದ್ರೆ’ ಕನ್ನಡದಲ್ಲಿ ಬದಲಾದ ರೂಪ. ಅಚ್ಚಗನ್ನಡ ಪದಕ್ಕೆ ತದ್ಭವ ಸೇರಿದರೆ ದೋಷವಿಲ್ಲ, ‘ಹಗಲುನಿದ್ದೆ’ ನಿರ್ದೋಷಿ. ಆದರೆ ಅಷ್ಟೆಲ್ಲ ಸುತ್ತು ಯಾಕೆ? ‘ನಾಡಾಡಿ’ ಇರುವ ಹಾಗೆ ‘ಇರುಳಾಡಿ’ ಎನ್ನಿ. ನಾಲ್ಕೇ ಅಕ್ಷರ, ಮಹಾಪ್ರಾಣವಿಲ್ಲ, ಮಕ್ಕಳ ನಾಲಗೆಗೆ ಸಲೀಸು.

ಶ್ರೀ. ಜೋ.:
ನಿಘಂಟಿನಲ್ಲಿಲ್ಲದ ಪದವನ್ನು ಮಕ್ಕಳ ಫಲಕದಲ್ಲಿ ಟಂಕಿಸುವುದು ಬೇಡ.

ಡಾ. ಮೇ. ಶೆ., ಮಡಗಾಂವ:
ನೀವಿಬ್ಬರೂ ಸಮಾಸ ಬಿಡಿಸುತ್ತ ಕೂತಿದ್ದೀರಿ, ಪ್ರಾಣಿಗಳನ್ನು ಯಾರೂ ನೋಡಲಿಲ್ಲ. ಮರಾಠಿಯ ‘ದಿವಸ’ ಇಪ್ಪತ್ನಾಲ್ಕು ಗಂಟೆಗೂ ಸಲ್ಲುತ್ತದೆ, ಬೆಳಕಿರುವ ಹೊತ್ತಿಗೂ ಸಲ್ಲುತ್ತದೆ. ನಮ್ಮಲ್ಲಿ ದಿನ ಬೇರೆ, ಹಗಲು ಬೇರೆ. ಈ ಫಲಕದಲ್ಲಿ ಎರಡೂ ಬಗೆಯವು ಬೆರೆತಿವೆ.

ಕೊವಾಲಾ ದಿನದ ಸುಮಾರು 20 ಗಂಟೆಯನ್ನು ನಿದ್ದೆ, ವಿಶ್ರಾಂತಿಯಲ್ಲೇ ಕಳೆಯುತ್ತದೆ. ಅದು ತಿನ್ನುವ ನೀಲಗಿರಿ ಎಲೆಯಲ್ಲಿ ನಾರು ಹೆಚ್ಚು, ಸತ್ವ ಕಡಿಮೆ. ಜೊತೆಗೆ ಅದರ ವಿಷವನ್ನು ಅರಗಿಸಲೂ ಶಕ್ತಿ ಬೇಕು. ಸಿಂಹ 16ರಿಂದ 20 ಗಂಟೆ ಬಿದ್ದುಕೊಂಡಿರುತ್ತದೆ. ಇವೆರಡೂ ‘ದಿನ’ದ ಲೆಕ್ಕ. ಕರಡಿ ಬಿಸಿಲು ಹೊತ್ತನ್ನು ಬಂಡೆಯ ಗವಿಯಲ್ಲಿ ಕಳೆದು ಮುಸ್ಸಂಜೆಗೆ ಗೆದ್ದಲು ಹುಡುಕಿ ಹೊರಡುತ್ತದೆ. ಚಿಪ್ಪುಹಂದಿ (ನೀವು ಬರೆದ ‘ಚಿಪ್ಪುಬೆಕ್ಕು’) ಬಿಲದಲ್ಲಿ ಸುರುಳಿ ಸುತ್ತಿ ಮಲಗಿ ಕತ್ತಲಾದ ಮೇಲೆ ಬರುತ್ತದೆ. ಇವು ‘ಹಗಲಿ’ನ ಲೆಕ್ಕ. ಬಾವಲಿಯೂ ಇಲ್ಲಿಯೇ. ಅದರ ಮೈಭಾರವೇ ಕಾಲಿನ ಸ್ನಾಯುರಜ್ಜುವನ್ನು ಎಳೆದು ಉಗುರನ್ನು ಬಿಗಿ ಹಿಡಿಸುವುದರಿಂದ ಮಲಗಿದಾಗಲೂ ಬೀಳದು. ‘ನಿಶಾಚರ’ ಎಂದರೆ ಕೊವಾಲಾ, ಸಿಂಹ ಎಷ್ಟು ಹೊತ್ತು ಮಲಗುತ್ತವೆ ಎಂಬ ಮುಖ್ಯ ಮಾತೇ ಬಿಟ್ಟುಹೋಗುತ್ತದೆ. ‘ಹೆಚ್ಚು ಹೊತ್ತು ಮಲಗುವ ಪ್ರಾಣಿಗಳು’ ಎನ್ನಿ, ಹನ್ನೆರಡಕ್ಷರ. ‘ಹೊತ್ತು’ ಎರಡಕ್ಕೂ ಒಗ್ಗುತ್ತದೆ.

ಇನ್ನು ಹೆಸರುಗಳು. ‘ಚಿಪ್ಪುಬೆಕ್ಕು’ ಎಂಬ ಪ್ರಾಣಿ ಕನ್ನಡದಲ್ಲಿಲ್ಲ. ಮರಾಠಿಯವರು ಖವಲೇ ಮಾಂಜರ್ ಎನ್ನುವುದನ್ನು ನಾವು ಚಿಪ್ಪುಹಂದಿ ಎನ್ನುತ್ತೇವೆ. ‘ಸೋಮಾರಿ ಕರಡಿ’ಯೂ ತಪ್ಪು. 1791ರಲ್ಲಿ ಜಾರ್ಜ್ ಶಾ ಅದರ ಉದ್ದುಗುರು ಕಂಡು ಸ್ಲಾತ್ ಕುಲಕ್ಕೇ ಸೇರಿಸಿದ್ದರಿಂದ ಇಂಗ್ಲಿಷಿನಲ್ಲಿ ‘ಸ್ಲಾತ್ ಬೇರ್’ ಎಂಬ ಹೆಸರು ನಿಂತಿತು. ಸ್ಲಾತ್ ಎಂದರೆ ಸೋಮಾರಿತನವೂ ಹೌದು, ‘ಸೋಮಾರಿ ಕರಡಿ’ ಅದರ ಪದಶಃ ಅನುವಾದ. ನಮಗೆ ಅದು ಬರೀ ಕರಡಿ. ಅದರ ಕೆಳಗೆ ‘ಶಿಶಿರನಿದ್ರೆ’ (ಚಳಿಗಾಲವಿಡೀ ಮಲಗುವುದು) ಎಂದೂ ಬರೆಯಬೇಡಿ, ನಮ್ಮ ಕರಡಿಗೆ ಆ ಅಭ್ಯಾಸವಿಲ್ಲ. ಸ್ಲಾತನ್ನು ತೆಗೆದುಬಿಡಿ. ಮೃಗಾಲಯದಲ್ಲಿ 16 ಗಂಟೆ ಮಲಗುತ್ತದೆನ್ನುವುದೇ ಎಲ್ಲೆಡೆ ಓಡಾಡುತ್ತಿದೆ. ಪನಾಮಾದ ಕಾಡಿನ ಮೂರು ಬೆರಳಿನ ಸ್ಲಾತ್‌ಗಳ ಮಿದುಳಿನ ಅಲೆ ಅಳೆದು 2008ರಲ್ಲಿ ಪ್ರಕಟಿಸಿದ ಲೆಕ್ಕ ಸುಮಾರು 9.6 ಗಂಟೆ. ಅದರ ಜಾಗಕ್ಕೆ ಇರುಳಲ್ಲಿ ಓಡಾಡುವ, ದೊಡ್ಡ ಕಣ್ಣಿನ ನಮ್ಮ ಕಾಡುಪಾಪ ಹಾಕಿ.

ರಾ. ಹೆ., ಡೊಂಬಿವಲಿ:
‘ಸೋಮಾರಿ’ ಸೋಮ ಮತ್ತು ಅರಿ ಸೇರಿ ಆದದ್ದು. ಚಂದ್ರನ ವೈರಿ, ಅಂದರೆ ಬೆಳದಿಂಗಳನ್ನೂ ಕಾಣದೆ ಮಲಗುವವನು. ಕರಡಿ ಇರುಳೆಲ್ಲ ಎದ್ದಿರುವುದರಿಂದ ಅದಕ್ಕೆ ಹೊಂದದು.

ಶ್ರೀ. ಜೋ.:
ಕಲ್ಪನೆ. ತಮಿಳಿನ ‘ಸೋಂಬೇರಿ’ ನೋಡಿ, ‘ಸೋಂಬು’ ಎಂದರೆ ಆಲಸ್ಯ. ಚಂದ್ರನಿಗೆ ಇಲ್ಲಿ ಕೆಲಸವಿಲ್ಲ.

ಬ. ಪಾ.:
ಕೊವಾಲಾ ಎಂಬ ಇಂಗ್ಲಿಷ್ ಪದ ಉಳಿಯಬಹುದು, ಇರುಳಾಡಿಗೆ ಮಾತ್ರ ಬಾಗಿಲು ಮುಚ್ಚಿದೆ. ಸಂಸ್ಕೃತದಿಂದಲೋ ಮರಾಠಿಯಿಂದಲೋ ತಂದದ್ದಷ್ಟೇ ಪದವೆಂದು ಇನ್ನೆಷ್ಟು ದಿನ ನಂಬಿಕೊಂಡಿರುವುದು?

ಡಾ. ಮೇ. ಶೆ.:
ಕೊವಾಲಾ ಇಂಗ್ಲಿಷೂ ಅಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಧಾರುಗ್ ನುಡಿಯಿಂದ ಇಂಗ್ಲಿಷರು ತೆಗೆದುಕೊಂಡರು.

ಶ್ರೀ. ಜೋ.:
ನಮ್ಮ ತುಪ್ಪ ಮರಾಠಿಗರ ಮನೆಯಲ್ಲಿ ‘ತೂಪ್’ ಆಗಿದೆ, ಅವರ ಭಾಷೆ ಕೆಟ್ಟಿಲ್ಲ. ವಸ್ತುವಿನ ಜೊತೆ ಹೆಸರು ಬಂದರೆ ಎರವಲು ಸಹಜ. ನನ್ನ ತಕರಾರು ಬೇಕಿಲ್ಲದೆ ಹೊಸೆಯುವ ಪದದ ಮೇಲೆ.

ಬ. ಪಾ.:
‘ನಿಶಾಚರ’ವನ್ನು ಯಾವ ವಸ್ತುವಿನ ಜೊತೆ ತಂದಿರಿ?

ವಿ. ಕೆ.:
ಡಾಕ್ಟರ್ ಮೇಡಂ ಸೂಚಿಸಿದ ತಲೆಬರಹವನ್ನೇ ಇಡುತ್ತೇನೆ. ಕೆಳಗೆ ಎರಡು ಅಂಕಣ: ‘ಹಗಲಿರುಳೂ ಮಲಗುವವು’, ‘ಹಗಲಲ್ಲಿ ಮಲಗುವವು’. ಸ್ಲಾತ್ ಬದಲು ಕಾಡುಪಾಪ. ಪಾಟೀಲರೇ, ಎರಡನೆಯ ಅಂಕಣದ ವಿವರಣೆಯಲ್ಲಿ ‘ಇರುಳಾಡಿ’ ಬರುತ್ತದೆ.

ಸು. ನಾ., ಪಿಂಪ್ರಿ:
ಹಳೆಯ ನುಡಿ ಫಾಂಟಿನ ಕಡತ ಕೊಡಬೇಡಿ, ಇಲ್ಲಿನ ಅಂಗಡಿಗಳ ಗಣಕದಲ್ಲಿ ಅದು ರೋಮನ್ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿನಲ್ಲಿ ಟೈಪಿಸಿ, ಅಕ್ಷರಗಳನ್ನು ಕರ್ವ್ಸ್‌ಗೆ (ಫಾಂಟ್ ಬೇಡದ ರೇಖಾರೂಪಕ್ಕೆ) ಬದಲಿಸಿ ಪಿಡಿಎಫ್ ಮಾಡಿ ಕೊಡಿ. ಇಲ್ಲವಾದರೆ ‘ಹೆಚ್ಚು’, ‘ಹೊತ್ತು’ ಎರಡರ ಒತ್ತೂ ಕಳಚಿ ಪಕ್ಕಕ್ಕೆ ಕೂರುತ್ತವೆ. ದೇವನಾಗರಿಗೆ ಹೊಂದಿಸಿದ ಸಾಲಿನಂತರ ಕನ್ನಡಕ್ಕೆ ಸಾಲದು, ಒತ್ತಕ್ಷರ ಕೆಳಸಾಲಿಗೆ ತಾಗುತ್ತದೆ. ಕಾಲುಭಾಗ ಹೆಚ್ಚಿಸಿ, ತಲೆಬರಹವನ್ನಷ್ಟೇ ಮೊದಲು ಕಾಗದದ ಮೇಲೆ ಮುದ್ರಿಸಿ ನೋಡಿ.