ಅಪ್ಪ-ಅಮ್ಮನ ಜೊತೆ ವಿಯೆನ್ನಾ: ಅಲ್ಲಿನ ಸಂಗೀತ, ಕಾಫಿ, ರೂಢಿ ಬಗ್ಗೆ ಗೊತ್ತಿರೋರು ಹೇಳಿ

ಕೇಳಿದವರು:
ಅಕ್ಟೋಬರ್ ಕೊನೇ ವಾರ ಅಪ್ಪ ಅಮ್ಮನ್ನ ಕರ್ಕೊಂಡು ಆಸ್ಟ್ರಿಯಾದ ವಿಯೆನ್ನಾಗೆ ಹೋಗ್ತಿದೀವಿ, ನವೆಂಬರ್ 2ರವರೆಗೂ ಅಲ್ಲೇ ಇರ್ತೀವಿ. ಅರಮನೆ, ಮ್ಯೂಸಿಯಂ ಲಿಸ್ಟು ಎಲ್ಲಾ ಕಡೆ ಸಿಗತ್ತೆ, ಅದು ಬೇಡ. ಆ ಊರಿನ ಜನ ಹೆಂಗೆ ಬದುಕ್ತಾರೆ, ಏನು ಸಂಪ್ರದಾಯ ಅನ್ನೋದು ನೋಡ್ಬೇಕು ಅಂತ ಆಸೆ. ಅಮ್ಮ ವೀಣೆ ಕಲ್ತವ್ರು, ಸಂಗೀತ ಅಂದ್ರೆ ಪ್ರಾಣ. ಅಪ್ಪನಿಗೆ ಮಂಡಿ ನೋವು. ಇಬ್ರೂ ಸಸ್ಯಾಹಾರಿ, ಕೇಕಲ್ಲಿ ಮೊಟ್ಟೆ ಇದ್ರೆ ಪರವಾಗಿಲ್ಲ. ಅನುಭವ ಇದ್ದೋರು ದಯವಿಟ್ಟು ತಿಳಿಸಿ.

ಅಲ್ಲಿ ಓದಿ ಬಂದವರು:
ಅಮ್ಮನಿಗೆ ಸಂಗೀತ ಇಷ್ಟ ಅಂದ್ರಲ್ಲ, ಹಾಗಾದ್ರೆ ಮೊದಲು ಒಂದು ಮಾತು. ದೊಡ್ಡ ಚರ್ಚ್ ಸ್ಟೆಫಾನ್ಸ್‌ಡೋಮ್ ಸುತ್ತಮುತ್ತ ಬಿಳಿ ವಿಗ್ ಹಾಕ್ಕೊಂಡು ಮೊಜಾರ್ಟ್ ವೇಷದಲ್ಲಿ ಟಿಕೆಟ್ ಮಾರೋರು ನಿಂತಿರ್ತಾರೆ, ಅದು ಟೂರಿಸ್ಟ್‌ಗೇ ಅಂತ ಮಾಡಿರೋ ಕಾರ್ಯಕ್ರಮ, ಆ ಊರಿನೋರು ಅದಕ್ಕೆ ಹೋಗಲ್ಲ. ಅವ್ರು ಹೋಗೋದು ಸ್ಟಾಟ್ಸ್ ಒಪೆರಾಗೆ, ಅಂದ್ರೆ ಒಪೆರಾ (ಹಾಡಿನಲ್ಲೇ ನಡೆಯೋ ನಾಟಕ) ಆಡೋ ಸರ್ಕಾರಿ ರಂಗಮಂದಿರಕ್ಕೆ. 1869ರಲ್ಲಿ ಶುರುವಾದದ್ದು, 1945ರಲ್ಲಿ ಬಾಂಬ್ ಬಿದ್ದು ಸುಟ್ಟು ಹೋಯ್ತು, 1955ರ ನವೆಂಬರ್‌ನಲ್ಲಿ ಬೀಥೋವನ್‌ನ ಫಿಡೆಲಿಯೋ ಅನ್ನೋ ಒಪೆರಾ ಆಡಿ ಮತ್ತೆ ಬಾಗಿಲು ತೆಗೆದ್ರು. ಅಲ್ಲಿ ನಿಂತು ನೋಡೋ ಟಿಕೆಟ್ ಅಂತ ಇದೆ, ಅದೇ ದಿನ ಮಾರ್ತಾರೆ, ತುಂಬಾ ಕಡಿಮೆ ರೇಟು. ಒಳಗೆ ಹೋದ ತಕ್ಷಣ ಜನ ಕಂಬಿಗೆ ಸ್ಕಾರ್ಫ್ ಕಟ್ಟಿ ಹೊರಗೆ ಹೋಗ್ತಾರೆ, ಆ ಸ್ಕಾರ್ಫ್ ಇದ್ರೆ ಜಾಗ ಅವ್ರದ್ದು, ಯಾರೂ ಮುಟ್ಟಲ್ಲ. ವರ್ಷಗಟ್ಟಲೆ ನಿಂತೇ ಕೇಳಿರೋ ಅಜ್ಜಂದಿರು ಸಿಗ್ತಾರೆ, ಯಾವ ಗಾಯಕಿ ಯಾವ ಸ್ವರದಲ್ಲಿ ತಡವರಿಸಿದ್ಲು ಅಂತ ಇಂಟರ್ವಲ್‌ನಲ್ಲಿ ಚರ್ಚೆ ಮಾಡ್ತಾರೆ, ನನಗೆ ಒಪೆರಾ ಕೇಳೋಕೆ ಕಲಿಸಿದ್ದೇ ಅವ್ರು. ನೀವೂ ಅಮ್ಮನೂ ನಿಲ್ಲಿ, ಅಪ್ಪನಿಗೆ ಮಾತ್ರ ಸೈಡಿನ ಸೀಟು ಮೊದಲೇ ಬುಕ್ ಮಾಡಿ, ಮೂರು ಗಂಟೆ ನಿಲ್ಲೋದು ಮಂಡಿ ನೋವಿರೋರಿಗೆ ಆಗದ ಮಾತು. ಮಾತುಗಳ ಇಂಗ್ಲಿಷ್ ಅನುವಾದ ಎದುರಿನ ಪುಟ್ಟ ಸ್ಕ್ರೀನಲ್ಲಿ ಬರತ್ತೆ.

ಭಾನುವಾರ ಬೆಳಿಗ್ಗೆ 11ಕ್ಕೆ ಆಗಸ್ಟೀನರ್ ಚರ್ಚ್‌ಗೆ ಹೋಗಿ. ಹೈಡನ್, ಮೊಜಾರ್ಟ್, ಶೂಬರ್ಟ್ ಪೂಜೆಗೇ ಅಂತ ಬರೆದ ಸಂಗೀತಾನ ಪೂಜೆಯ ನಡುವೆಯೇ ಆರ್ಕೆಸ್ಟ್ರಾ ಇಟ್ಕೊಂಡು ಹಾಡ್ತಾರೆ, ಟಿಕೆಟ್ ಇಲ್ಲ. ಕಛೇರಿಯಲ್ಲಿ ಕೇಳೋದಕ್ಕೂ ದೇವಸ್ಥಾನದ ಸನ್ನಿಧಿಯಲ್ಲಿ ಕೇಳೋದಕ್ಕೂ ಇರೋ ವ್ಯತ್ಯಾಸ ನಿಮ್ಮಮ್ಮನಿಗೆ ನಾನು ಹೇಳ್ಬೇಕಿಲ್ಲ. ಫೋಟೋ ಮಾತ್ರ ಬೇಡ.

ಸಸ್ಯಾಹಾರಿ, ಕೆಲಸದ ಮೇಲೆ ಆಗಾಗ ಹೋಗೋರು:
ಊಟದ್ದು ನಾನು ಹೇಳ್ತೀನಿ. ಸೂಪ್ ಅಂದ್ರೆ ಬಹುಪಾಲು ದನದ ಮಾಂಸದ ರಸ, ಮೇಲೆ ತರಕಾರಿ ತೇಲ್ತಿದ್ರೂ. ಆಲೂಗಡ್ಡೆ ಸಲಾಡ್‌ಗೂ ಅದೇ ರಸ ಹಾಕೋ ಪದ್ಧತಿ ಇದೆ, ಕೇಳದೆ ತಗೋಬೇಡಿ. ಕೈಸರ್‌ಶ್ಮಾರ್ನ್ ಅಂತ ದಪ್ಪ ದೋಸೆ ಥರದ್ದನ್ನ ಹರಿದು ಪ್ಲಮ್ ಗೊಜ್ಜಿನ ಜೊತೆ ಕೊಡ್ತಾರೆ, ಅದರಲ್ಲೇ ಹೊಟ್ಟೆ ತುಂಬತ್ತೆ. ನೀರು ಬಾಟಲ್ ಕೊಳ್ಳಲೇ ಬೇಡಿ, ನಲ್ಲೀಲಿ ಬರೋದು ಆಲ್ಪ್ಸ್ ಬೆಟ್ಟದ ಬುಗ್ಗೆ ನೀರು, 1873ರಿಂದ ಕಾಲುವೆ ಕಟ್ಟಿ ತರ್ತಿದಾರೆ. ಭಾನುವಾರ, ಅಕ್ಟೋಬರ್ 26 (ಅವ್ರ ರಾಷ್ಟ್ರೀಯ ದಿನ), ನವೆಂಬರ್ 1, ಈ ದಿನ ಅಂಗಡಿ ಬಂದ್, ಹಿಂದಿನ ದಿನವೇ ಹಾಲು ಬ್ರೆಡ್ ತಂದಿಟ್ಕೊಳ್ಳಿ.

ಕಾಫಿ ಪ್ರಿಯರು:
ಕಾಫಿಹೌಸ್ ಬಗ್ಗೆ ಯಾರೂ ಹೇಳಿಲ್ವಲ್ಲ! 1683ರ ತುರ್ಕರ ಮುತ್ತಿಗೆ ಆದ್ಮೇಲೆ ಬಿಟ್ಟುಹೋದ ಕಾಫಿ ಬೀಜದಿಂದ ಶುರುವಾಯ್ತು ಅಂತ ಎಲ್ರೂ ಕಥೆ ಹೇಳ್ತಾರೆ, ದಾಖಲೆ ಪ್ರಕಾರ 1685ರಲ್ಲಿ ಒಬ್ಬ ಅರ್ಮೇನಿಯನ್ ವ್ಯಾಪಾರಿಗೆ ಪರವಾನಗಿ ಸಿಕ್ಕಿದ್ದು. ಕಾಫೆ ಸೆಂಟ್ರಲ್ ಹೊರಗೆ ಉದ್ದ ಕ್ಯೂ ಇರತ್ತೆ, ಅದು ಬಿಟ್ಟು 1880ರ ಕಾಫೆ ಸ್ಪೆರ್ಲ್‌ಗೆ ಹೋಗಿ. ಬರೀ ಕಾಫಿ ಅಂತ ಕೇಳಿದ್ರೆ ಯಾವ್ದು ಅಂತ ಮತ್ತೆ ಕೇಳ್ತಾರೆ, ನಮ್ಮೋರಿಗೆ ಹಾಲು ಜಾಸ್ತಿ ಇರೋ ಮೆಲಾಂಜ್ ಸರಿಹೋಗತ್ತೆ. ಟ್ರೇಲಿ ಒಂದು ಲೋಟ ನೀರೂ ಬರತ್ತೆ. ಒಂದೇ ಕಾಫಿಗೆ ಮಧ್ಯಾಹ್ನವೆಲ್ಲಾ ಕೂತು ಪೇಪರ್ ಓದಿ, ಯಾರೂ ಏಳಿ ಅನ್ನಲ್ಲ, ನೀವು ಕೇಳೋವರೆಗೂ ಬಿಲ್ ತರೋದೇ ಇಲ್ಲ, ಅದು ಉದಾಸೀನ ಅಲ್ಲ, ಮರ್ಯಾದೆ. ದಯವಿಟ್ಟು ಇದಕ್ಕೆ ಅರ್ಧ ಗಂಟೆ ಇಡ್ಬೇಡಿ, ಅರ್ಧ ದಿನ ಇಡಿ. ಅಪ್ಪನ ಮಂಡಿಗೂ ಒಳ್ಳೇದು.

ಸಂಜೆ ಗ್ರಿನ್ಜಿಂಗ್ ಕಡೆ 38ನೇ ಟ್ರಾಮ್ ಹತ್ತಿ, ಊರಿನ ಒಳಗೇ ದ್ರಾಕ್ಷಿ ತೋಟ ಇದೆ. ಬೆಳೆದವ್ರೇ ತಮ್ಮ ವೈನ್ ಮಾರಬಹುದು ಅಂತ 1784ರಲ್ಲಿ ದೊರೆ ಎರಡನೇ ಜೋಸೆಫ್ ಅಪ್ಪಣೆ ಕೊಟ್ಟ, ಆ ಮನೆಗಳೇ ಹೊಯ್ರಿಗರ್. ಬಾಗಿಲಿಗೆ ಪೈನ್ ಕೊಂಬೆ ಕಟ್ಟಿದ್ರೆ ತೆರೆದಿದೆ ಅಂತ. ಕುಡಿಯದೋರು ದ್ರಾಕ್ಷಿ ರಸ ತಗೊಂಡು ಕೂರಬಹುದು.

ವಿಯೆನ್ನಾದಲ್ಲಿ ಸಂಸಾರ ಮಾಡ್ಕೊಂಡಿರೋರು:
ನವೆಂಬರ್ 1ಕ್ಕೆ ಇರ್ತೀರಲ್ಲ, ಅದು ನಿಮ್ಮ ಪುಣ್ಯ. ಆವತ್ತು ಇಡೀ ಊರು ಹೂವು, ದೀಪ ಹಿಡ್ಕೊಂಡು ತಮ್ಮ ಹಿರಿಯರ ಸಮಾಧಿಗೆ ಹೋಗತ್ತೆ. ಸೆಂಟ್ರಲ್ ಫ್ರೀಡ್‌ಹಾಫ್ ಅನ್ನೋ ದೊಡ್ಡ ಸ್ಮಶಾನಕ್ಕೆ 71ನೇ ಟ್ರಾಮಲ್ಲಿ ಹೋಗಿ ಎರಡನೇ ಗೇಟ್‌ನಲ್ಲಿ ಇಳೀರಿ. 1874ರದ್ದು, ಮಲಗಿರೋರು ಸುಮಾರು 30 ಲಕ್ಷ, ಊರಲ್ಲಿ ಬದುಕಿರೋರಿಗಿಂತ ಜಾಸ್ತಿ. ಶೂಬರ್ಟ್‌ಗೆ ಬೀಥೋವನ್ ಹತ್ರ ಇರ್ಬೇಕು ಅಂತ ಆಸೆ ಇತ್ತಂತೆ, 1888ರಲ್ಲಿ ಇಬ್ರನ್ನೂ ಹಳೇ ಸ್ಮಶಾನದಿಂದ ತಂದು ಇಲ್ಲಿ ಹತ್ತಿರ ಹತ್ತಿರ ಇಟ್ಟಿದಾರೆ. ಮೊಜಾರ್ಟ್‌ನದ್ದು ಇಲ್ಲಿರೋದು ಸ್ಮಾರಕ ಮಾತ್ರ. ಸ್ಮಶಾನಕ್ಕೆ ಯಾಕೆ ಅಂತ ನಮ್ಮತ್ತೆ ಮೊದಲು ಒಪ್ಲಿಲ್ಲ, ಆಮೇಲೆ ಪಿತೃಪಕ್ಷದ ಥರ ಅಲ್ವಾ ಅಂತ ತಾವೇ ಒಂದು ದೀಪ ಕೊಂಡು ಇಟ್ರು. ಬೇಕರೀಲಿ ಆ ವಾರ ಜಡೆ ಹೆಣೆದ ಬ್ರೆಡ್ ಇರತ್ತೆ, ಗಾಡ್‌ಪೇರೆಂಟ್ಸ್, ಅಂದ್ರೆ ಚರ್ಚಲ್ಲಿ ಮಗುವಿನ ದೀಕ್ಷಾಸ್ನಾನದ ಹೊತ್ತಲ್ಲಿ ಅದರ ಹೊಣೆ ಹೊತ್ತೋರು, ಆ ಮಕ್ಕಳಿಗೆ ಅದನ್ನ ಕೊಡೋ ವಾಡಿಕೆ.

ಕೇಳಿದವರು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳ್ದೆ, ಶೂಬರ್ಟ್ ವಿಷ್ಯ ಕೇಳಿ ಅಲ್ಲಿಗೆ ಹೋಗ್ಲೇಬೇಕು ಅಂತಿದಾರೆ. ಅಷ್ಟು ದೊಡ್ಡ ಜಾಗದಲ್ಲಿ ಅಪ್ಪ ನಡೀತಾರಾ ಅದೇ ಯೋಚ್ನೆ.

ವಿಯೆನ್ನಾದಲ್ಲಿ ಸಂಸಾರ ಮಾಡ್ಕೊಂಡಿರೋರು:
ಒಳಗೇ ಸಿಟಿ ಬಸ್ ಓಡತ್ತೆ, 106. ಹಬ್ಬದ ದಿನ ಟೈಮಿಂಗ್ ಬೇರೆ ಇರಬಹುದು, ಹಿಂದಿನ ದಿನ ಚೆಕ್ ಮಾಡ್ಕೊಳ್ಳಿ. ಸಂಗೀತಗಾರರ ಸಮಾಧಿ ಎರಡನೇ ಗೇಟ್‌ಗೆ ಹತ್ರಾನೇ, ಅಷ್ಟಕ್ಕೆ ಅಪ್ಪ ಆರಾಮಾಗಿ ನಡೀಬಹುದು. ಬೆಳಿಗ್ಗೆ ಬೇಗ ಹೋಗಿ, ಸ್ವೆಟರ್ ಮರೀಬೇಡಿ, ಅಲ್ಲಿ ಗಾಳಿ ಜಾಸ್ತಿ.